ಕೋಲಾರದ ಕುರುಚಲು ಕಾಡಲ್ಲಿ ಕಲಿವಿಕೋಡಿ ಇದ್ದಿರಬಹುದಾ? ಹುಡುಕುವುದು ಹೇಗೆ?

ಕುರುಚಲು_ಕೋಲಾರ:
ಎಲ್ಲರಿಗೂ ನಮಸ್ಕಾರ. ಒಂದು ಮೊಟ್ಟೆಯ ವಿಷಯ ಓದಿದ ಮೇಲೆ ಎರಡು ವಾರದಿಂದ ತಲೆಯಲ್ಲಿ ಅದೇ ಕೂತಿದೆ.

ಜೆರ್ಡನ್ಸ್ ಕೋರ್ಸರ್ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ನೆಲದ ಮೇಲೆ ಓಡಾಡುವ, ರಾತ್ರಿ ಹೊತ್ತಿನ ಹಕ್ಕಿ. ತೆಲುಗಿನಲ್ಲಿ ಕಲಿವಿಕೋಡಿ. 1848ರಲ್ಲಿ ಈ ಹಕ್ಕಿಗೆ ವೈಜ್ಞಾನಿಕ ಹೆಸರು ಕೊಟ್ಟರು. 1900ರಲ್ಲಿ ಅನಂತಪುರದ ಹತ್ತಿರ ಕಂಡಿದ್ದೇ ಕೊನೆ, ಆಮೇಲೆ ಪತ್ತೆಯೇ ಇಲ್ಲ. ಅಳಿದುಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ರೆಡ್ಡಿಪಲ್ಲಿ ಹತ್ತಿರ ಮತ್ತೆ ಸಿಕ್ಕಿತು. ನಾನಂತೂ ಇದನ್ನು ಆಂಧ್ರದ ಹಕ್ಕಿ ಅಂತಲೇ ತಿಳಿದಿದ್ದೆ.

ಈಗ ಮೊಟ್ಟೆಯ ವಿಷಯ. ಈ ಹಕ್ಕಿಯ ಮೊಟ್ಟೆ ಅಂತ ಜಗತ್ತಿನಲ್ಲಿ ಗೊತ್ತಿರುವುದು ಒಂದೇ ಒಂದು. ಅದು ಸಿಕ್ಕಿದ್ದು 2013ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ. ಡಿಎನ್ಎ ಹೋಲಿಸಿ ಖಚಿತ ಮಾಡಿಕೊಂಡರು. ಅದನ್ನು ಸಂಗ್ರಹಿಸಿದ್ದವರು ಅರ್ನೆಸ್ಟ್ ಗಿಲ್ಬರ್ಟ್ ಮೀಟನ್. 1917ರ ಸುಮಾರಿಗೆ ನಮ್ಮ ಕೆಜಿಎಫ್‌ನಲ್ಲಿ ಪಶುವೈದ್ಯರಾಗಿದ್ದವರು!

ನಾನು ಮುಳಬಾಗಿಲು ಕಡೆಯ ಶಾಲಾ ಮೇಷ್ಟ್ರು. ನಮ್ಮೂರಿನ ಹಿಂದೆ ಗುಟ್ಟೆ, ಜಾಲಿ, ಕವಳಿ, ತಂಗಡಿ ಎಲ್ಲ ಇರುವ ಗೋಮಾಳ ಇದೆ. ನೂರು ವರ್ಷದ ಹಿಂದೆ ಇಲ್ಲಿ ಇದ್ದಿರಬಹುದಾದ ಹಕ್ಕಿಯನ್ನು ಇಲ್ಲಿ ಯಾರಾದರೂ ರಾತ್ರಿ ಹೊತ್ತು ಸರಿಯಾಗಿ ಹುಡುಕಿದ್ದಾರಾ? ನಾವು ಮೂರು ಜನ ಗೆಳೆಯರು ತಯಾರಿದ್ದೇವೆ. ಎಲ್ಲಿಂದ ಶುರು ಮಾಡಬೇಕು, ಹೇಳಿ.

ಹೊಸಬ_22:
ಮೈ ಜುಂ ಅಂತು ಸರ್. ಕೆಜಿಎಫ್ ಅಂದ್ರೆ ಚಿನ್ನ ಅಂತ ಮಾತ್ರ ಗೊತ್ತಿತ್ತು.

ನೇರಮಾತು:
ಉತ್ಸಾಹಕ್ಕೆ ತಣ್ಣೀರು ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ ಮೇಷ್ಟ್ರೇ. ಸಂಗ್ರಹಿಸಿದವರ ಮನೆ ಕೆಜಿಎಫ್‌ನಲ್ಲಿತ್ತು ಅನ್ನುವುದು ಬೇರೆ, ಗೂಡು ಕೆಜಿಎಫ್‌ನಲ್ಲಿತ್ತು ಅನ್ನುವುದು ಬೇರೆ. ಆ ಕಾಲದ ಮೊಟ್ಟೆ ಸಂಗ್ರಹಕಾರರು ಒಬ್ಬರಿಗೊಬ್ಬರು ಮೊಟ್ಟೆ ಬದಲಾಯಿಸಿಕೊಳ್ಳುತ್ತಿದ್ದರು, ಕೊಳ್ಳುತ್ತಿದ್ದರು, ಬೇಟೆಗಾರರಿಗೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದರು. ಒಂದು ಮೊಟ್ಟೆ ಹಿಡಿದುಕೊಂಡು ಕೋಲಾರವನ್ನು ನಕ್ಷೆಗೆ ಸೇರಿಸುವುದು ಆತುರ ಆಗುತ್ತದೆ.

ಪಿನಾಕಿನಿ_ತೀರ:
ನೇರಮಾತು ಅವರೇ, ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಈ ಹಕ್ಕಿಯ ಹಳೆಯ ದಾಖಲೆಗಳು ಇರುವುದು ಎರಡು ನದಿಗಳ ಬಯಲಲ್ಲಿ, ಗೋದಾವರಿ ಮತ್ತು ಪೆನ್ನಾರ್. ಪೆನ್ನಾರ್ ಅಂದರೆ ಯಾವುದು? ನಮ್ಮ ಉತ್ತರ ಪಿನಾಕಿನಿ. ಹುಟ್ಟುವುದು ನಂದಿಬೆಟ್ಟದ ಸಾಲಲ್ಲಿ. ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗಿ, ಪಾವಗಡದ ಕಡೆ ಮತ್ತೆ ನಮ್ಮ ರಾಜ್ಯಕ್ಕೆ ಬಂದು, ಅನಂತಪುರ, ಕಡಪ, ನೆಲ್ಲೂರು ಕಡೆ ಹರಿಯುತ್ತದೆ. ಹಕ್ಕಿ ಸಿಕ್ಕಿದ್ದು ಅದೇ ನದಿಯ ಕೆಳಗಿನ ಭಾಗದಲ್ಲಿ. ಗಡಿ ಗೆರೆ ನಾವು ಎಳೆದಿದ್ದು ತಾನೇ? ಅದೇ ಕೆಂಪು ಮಣ್ಣು, ಅದೇ ಬಂಡೆ, ಅದೇ ಜಾಲಿ.

ನೇರಮಾತು:
ನದಿ ಒಂದೇ, ಸರಿ. ಆದರೆ ಕೆಜಿಎಫ್ ಉತ್ತರ ಪಿನಾಕಿನಿ ಬಯಲಲ್ಲಿ ಇಲ್ಲ. ಅದು ಪಾಲಾರ್ ಕಡೆ.

ಪಿನಾಕಿನಿ_ತೀರ:
ಹೌದು, ಅದು ನನ್ನ ತಪ್ಪು, ಎರಡನ್ನೂ ಸೇರಿಸಿಬಿಟ್ಟೆ. ಆದರೂ ಹುಡುಕುವುದಾದರೆ ಗೌರಿಬಿದನೂರು, ಬಾಗೇಪಲ್ಲಿ, ಪಾವಗಡ ಪಟ್ಟಿಯನ್ನೂ ಬಿಡಬೇಡಿ ಅಂತ ನನ್ನ ವಾದ.

ಕಡಪ_ಕನ್ನಡತಿ:
ನಾನು ಮದುವೆಯಾಗಿ ಬಂದಿದ್ದು ಬದ್ವೇಲ್ ಕಡೆಗೆ. ಇಲ್ಲಿ ಹಳಬರಿಗೆ 1986ರ ಕತೆ ಚೆನ್ನಾಗಿ ಗೊತ್ತು, ಬರೆಯುತ್ತೇನೆ.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಭರತ್ ಭೂಷಣ್ ಅನ್ನುವವರು ಹುಡುಕಲು ಬಂದಿದ್ದರು. ಹಕ್ಕಿಯ ಚಿತ್ರ ಹಿಡಿದುಕೊಂಡು ಹಳ್ಳಿಹಳ್ಳಿಯಲ್ಲಿ ಕೇಳಿದರು. ಕೊನೆಗೆ ಹಕ್ಕಿ ಹಿಡಿದು ತಂದುಕೊಟ್ಟಿದ್ದು ಐತನ್ನ ಅನ್ನುವ ಸ್ಥಳೀಯ ಬೇಟೆಗಾರ. ರಾತ್ರಿ ಟಾರ್ಚ್ ಬೆಳಕು ಬಿಟ್ಟಾಗ ಹಕ್ಕಿ ದಿಕ್ಕು ತೋಚದೆ ನಿಂತುಬಿಟ್ಟಿತಂತೆ, ಜೀವಂತ ಹಿಡಿದ. ಅದು ಹೆಚ್ಚು ದಿನ ಬದುಕಲಿಲ್ಲ ಅನ್ನುವುದು ಬೇಸರದ ವಿಷಯ. ಪಕ್ಷಿತಜ್ಞ ಸಲೀಂ ಅಲಿಯವರು 89ರ ವಯಸ್ಸಿನಲ್ಲಿ ಅದನ್ನು ನೋಡಲು ಇಲ್ಲಿಗೆ ಬಂದರು. ಮರುವರ್ಷ ಅವರು ತೀರಿಕೊಂಡರು.

ಮುಂಚೆಯೂ ಹುಡುಕಿದವರಿದ್ದರು, ಬರಿಗೈಯಲ್ಲಿ ಹೋದರು. ಹಗಲು ಹುಡುಕಿದರೆ ಸಿಗುವ ಹಕ್ಕಿ ಅಲ್ಲ ಇದು. ರಾತ್ರಿ ಕಾಡಲ್ಲಿ ಓಡಾಡುತ್ತಿದ್ದವರಿಗೆ ಅದು ಗೊತ್ತಿತ್ತು. ಅದಕ್ಕೇ ಹೇಳುತ್ತೇನೆ ಮೇಷ್ಟ್ರೇ, ನೀವು ಮೊದಲು ಹೋಗಬೇಕಾಗಿದ್ದು ಗುಟ್ಟೆಗಲ್ಲ, ನಿಮ್ಮೂರಿನ ಹಳೆಯ ಬೇಟೆಗಾರರು, ಕುರಿ ಮೇಯಿಸುವವರ ಮನೆಗೆ.

ಗೌಜಲು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೇಳುವಾಗ ಒಂದೇ ಚಿತ್ರ ತೋರಿಸಿ 'ಇದನ್ನ ನೋಡಿದ್ದೀರಾ' ಅನ್ನಬೇಡಿ. ಮೇಷ್ಟ್ರು ಕೇಳ್ತಿದ್ದಾರೆ ಅಂತ ಮರ್ಯಾದೆಗೆ ಹೌದು ಅಂದುಬಿಡುತ್ತಾರೆ. ಐದಾರು ಚಿತ್ರ ಬೆರೆಸಿ ಇಡಿ. ಹಳದಿ ಟಿಟ್ಟಿಭ, ಕೆಂಪು ಟಿಟ್ಟಿಭ, ಇಂಡಿಯನ್ ಕೋರ್ಸರ್, ಗೌಜಲು, ನತ್ತಿಂಗ (ನೈಟ್‌ಜಾರ್), ಜೊತೆಗೆ ಇದು. ಹೆಸರು ಹೇಳಬೇಡಿ. ಎಲ್ಲಿ, ಯಾವ ಹೊತ್ತು, ಹೇಗೆ ಓಡುತ್ತಿತ್ತು, ಅವರೇ ಹೇಳಲಿ.

ಹೊಸಬ_22:
ನಮ್ಮ ಮಾವ ಹೋದ ವಾರ ಚಿಂತಾಮಣಿ ಹತ್ತಿರ ಹುರುಳಿ ಹೊಲದಲ್ಲಿ ಒಂದು ಹಕ್ಕಿ ನೋಡಿದ್ರು. ಮಧ್ಯಾಹ್ನ, ನೆಲದ ಮೇಲೆ ಓಡ್ತಾ ಇತ್ತಂತೆ. ಕೆಂಚು ತಲೆ, ಉದ್ದ ಬಿಳಿ ಕಾಲು. ಇದೇ ಇರಬಹುದಾ?

ಗೌಜಲು:
ಅದು ಇಂಡಿಯನ್ ಕೋರ್ಸರ್. ಅದು ಹಗಲಿನ ಹಕ್ಕಿ, ತೆರೆದ ಬಯಲು, ಉತ್ತ ಹೊಲ ಅದರ ಜಾಗ. ನೆತ್ತಿ ಕಿತ್ತಳೆ ಕೆಂಪು, ಎದೆಯೂ ಕೆಂಚು. ಜೆರ್ಡನ್ಸ್ ಕೋರ್ಸರ್‌ಗೆ ಎದೆಗೆ ಅಡ್ಡಲಾಗಿ ಎರಡು ಪಟ್ಟಿ ಇರುತ್ತದೆ, ಸರ ಹಾಕಿದ ಹಾಗೆ. ಗಂಟಲಲ್ಲಿ ಕೆಂಚು ಮಚ್ಚೆ. ಕಣ್ಣು ದೊಡ್ಡದು. ಕೊಕ್ಕಿನ ಬುಡ ಹಳದಿ, ತುದಿ ಕಪ್ಪು. ಉದ್ದ ಸುಮಾರು 27 ಸೆಂಟಿಮೀಟರ್. ಮಾವನಿಗೆ ಹೇಳಿ, ಅವರು ನೋಡಿದ್ದೂ ಒಳ್ಳೆಯ ಹಕ್ಕಿಯೇ. ಅದೂ ಈಗ ಮೊದಲಿನ ಹಾಗೆ ಎಲ್ಲೆಂದರಲ್ಲಿ ಕಾಣುವುದಿಲ್ಲ.

ರಾತ್ರಿ_ರಾಗ:
ನೋಡುವುದಕ್ಕಿಂತ ಕೇಳುವುದು ಮುಖ್ಯ. ಈ ಹಕ್ಕಿಯ ಕೂಗು ಎರಡು ಸ್ವರದ್ದು, ಕ್ವಿಕ್-ಕೂ, ಕ್ವಿಕ್-ಕೂ ಅಂತ. ಸೂರ್ಯ ಮುಳುಗಿ ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಶುರು ಮಾಡುತ್ತದೆ, ಕೆಲವೇ ನಿಮಿಷ, ಆಮೇಲೆ ಗಪ್‌ಚುಪ್. ಆ ಹೊತ್ತಿಗೆ ನೀವು ಚಹಾ ಕುಡಿಯುತ್ತಾ ಕೂತಿದ್ದರೆ ಮುಗಿಯಿತು, ಆ ದಿನ ಹೋದಂತೆಯೇ.

2025ರ ಆಗಸ್ಟ್‌ನಲ್ಲಿ ಆಂಧ್ರದಲ್ಲಿ ಪಕ್ಷಿವೀಕ್ಷಕರ ತಂಡಕ್ಕೆ ಮತ್ತೆ ಸಿಕ್ಕಿದ್ದೂ ಕೂಗಿನಿಂದಲೇ. ಅದಕ್ಕೆ ಮುಂಚೆ ಹತ್ತು ಹದಿನೈದು ವರ್ಷ ಖಚಿತವಾದ ಸುದ್ದಿಯೇ ಇರಲಿಲ್ಲ. ಎರಡನೇ ಸಲ ಕಳೆದುಕೊಂಡೆವು ಅಂದುಕೊಂಡಿದ್ದೆವು. ಆ ಸುದ್ದಿ ಬಂದ ರಾತ್ರಿ ನಾನು ಅತ್ತಿದ್ದೇನೆ, ಹೇಳಿಕೊಳ್ಳಲು ಸಂಕೋಚ ಇಲ್ಲ.

ನಿಮ್ಮ ಕೆಲಸಕ್ಕೆ ಒಂದು ಚಿಕ್ಕ ರೆಕಾರ್ಡರ್ ಸಾಕು. ಮರಕ್ಕೆ ಕಟ್ಟಿ, ಸಂಜೆ ಆರರಿಂದ ಎಂಟರವರೆಗೆ ಓಡಲಿ. ದಿನಾ ಹೋಗಿ ಕೂರಬೇಕಾಗಿಲ್ಲ.

ಹೊಸಬ_22:
ಫೋನಲ್ಲಿ ಕೂಗು ಜೋರಾಗಿ ಹಾಕಿದ್ರೆ ಬರಲ್ವಾ ಅಕ್ಕಾ?

ರಾತ್ರಿ_ರಾಗ:
ದಯವಿಟ್ಟು ಬೇಡ. ಸಂಶೋಧಕರು ಅನುಮತಿ ತೆಗೆದುಕೊಂಡು, ಲೆಕ್ಕ ಇಟ್ಟುಕೊಂಡು ಹಾಕುತ್ತಾರೆ. ನಾವು ಸಿಕ್ಕಸಿಕ್ಕ ಕಡೆ ಹಾಕಿದರೆ, ಒಂದು ವೇಳೆ ಹಕ್ಕಿ ಇದ್ದರೆ, ತನ್ನ ಜಾಗಕ್ಕೆ ಇನ್ನೊಂದು ಬಂದಿದೆ ಅಂತ ಕಂಗಾಲಾಗುತ್ತದೆ. ಇರುವುದೇ ಬೆರಳೆಣಿಕೆ. ಅದರ ನೆಮ್ಮದಿ ಕೆಡಿಸಿ ನಮಗೇನು ಸಿಗಬೇಕು?

ಚಾಂಪಿಯನ್_ರೀಫ್:
ನಾನು ಕೆಜಿಎಫ್‌ನಲ್ಲಿ ಹುಟ್ಟಿದವನು, ಈಗ ಹೊಸೂರಲ್ಲಿದ್ದೇನೆ. ತಾತ ಗಣಿಯಲ್ಲಿ ಕೆಲಸ ಮಾಡಿದವರು, ಮನೆ ಮಾರಿಕುಪ್ಪಂನಲ್ಲಿತ್ತು. ಸೈನೈಡ್ ದಿಬ್ಬಗಳ (ಗಣಿಯ ತ್ಯಾಜ್ಯ ಮಣ್ಣಿನ ರಾಶಿ) ಆಚೆ ಬಯಲಲ್ಲಿ ಕೃಷ್ಣಮೃಗ ಓಡಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಹಕ್ಕಿಗಳು ಕೂಗುತ್ತಿದ್ದವು ಅಂತ ತಾತ ಹೇಳುತ್ತಿದ್ದರು. ಯಾವ ಹಕ್ಕಿ ಅಂತ ಆಗ ನಾನು ಕೇಳಲಿಲ್ಲ. ಈಗ ಕೇಳೋಣ ಅಂದ್ರೆ ತಾತ ಇಲ್ಲ. ಮೇಷ್ಟ್ರೇ, ಬೇಗ ಕೇಳಿ. ಹಳಬರು ಕಾಯುವುದಿಲ್ಲ.

ಹಾವೇರಿ_ಬಯಲು:
ನನ್ನದು ಸಿಟ್ಟಿನ ಮಾತು. ಹಕ್ಕಿ ಹುಡುಕುವ ಮೊದಲು ಅದರ ಮನೆ ಉಳಿದಿದೆಯಾ ನೋಡಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಇತ್ತು. ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರು. ಈಗ ಎರೆಭೂತ ಇಲ್ಲ. ಕೋಲಾರದಲ್ಲೂ ಗೋಮಾಳ ಅಂದ್ರೆ ನೀಲಗಿರಿ ತೋಪು ಅನ್ನುವ ಹಾಗೆ ಆಗಿತ್ತಲ್ಲ? 2017ರಲ್ಲಿ ಹೊಸದಾಗಿ ನೆಡುವುದನ್ನು ಸರ್ಕಾರ ನಿಲ್ಲಿಸಿತು, ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು. ಕುರುಚಲು ಕಾಡು ಅಂದ್ರೆ ಎಲ್ಲರಿಗೂ 'ಬೀಳು ಜಮೀನು'. ಯಾರಾದರೂ ಮಳೆಕಾಡಿಗೆ ಬೀಳು ಅಂತಾರಾ? ಪಾವಗಡದಲ್ಲಿ 13,000 ಎಕರೆ ಸೋಲಾರ್‌ಗೆ ಹೋಯಿತು.

ಮೇಕೆ_ಮಂದೆ:
ಅಣ್ಣಾ, ನಾನು ಪಾವಗಡದವನೇ. ಸೋಲಾರ್ ಪಾರ್ಕಿಗೆ ಹೋಗಿದ್ದು ಹೆಚ್ಚಾಗಿ ರೈತರ ಹೊಲ, ಗುತ್ತಿಗೆಗೆ ಕೊಟ್ಟಿದ್ದು. ಮಳೆ ಇಲ್ಲದೆ ಕಡಲೆಕಾಯಿ ಒಣಗಿ ಒಣಗಿ ಸಾಕಾಗಿತ್ತು, ಕೊಟ್ಟರು. ಎಲ್ಲವನ್ನೂ ಕಾಡು ಹೋಯಿತು ಅಂತ ಬರೆಯಬೇಡಿ. ಮೇಕೆ ಮೇಯುವ ಜಾಗ ಕಮ್ಮಿ ಆಗಿದೆ ಅನ್ನುವುದು ನಿಜ.

ಹಾವೇರಿ_ಬಯಲು:
ಸರಿ, ತಿದ್ದಿಕೊಂಡೆ. ಆದರೆ ಕುರುಚಲನ್ನು ಬೋಳಿಸುವುದರಲ್ಲಿ ಮೇಕೆಗಳ ಪಾಲೂ ಇದೆ, ಅಲ್ವಾ? ಹಕ್ಕಿ ಉಳಿಯಬೇಕಾದರೆ ಮೇಕೆ ಹೊರಗೆ ಇರಬೇಕು.

ಮೇಕೆ_ಮಂದೆ:
ಇದನ್ನೇ ಎಲ್ಲರೂ ಹೇಳುವುದು. ನಮ್ಮಪ್ಪ ನಲವತ್ತು ವರ್ಷ ಮೇಕೆ ಮೇಯಿಸಿದ್ದಾರೆ. ಮಂದೆ ಹೋಗುವುದು ನಿಂತ ಜಾಗ ಈಗ ಹೇಗಿದೆ ಬಂದು ನೋಡಿ. ಲಾಂಟಾನ, ಬಳ್ಳಾರಿ ಜಾಲಿ ಸೇರಿಕೊಂಡು ಮನುಷ್ಯ ನುಗ್ಗಲು ಆಗುವುದಿಲ್ಲ. ನೆಲದಲ್ಲಿ ಓಡುವ ಹಕ್ಕಿ ಅದರೊಳಗೆ ಎಲ್ಲಿ ಓಡಬೇಕು?

ಗೌಜಲು:
ಮೇಕೆ_ಮಂದೆ ತಮ್ಮ ಹೇಳಿದ್ದರಲ್ಲಿ ದೊಡ್ಡ ಸತ್ಯ ಇದೆ. ಪಕ್ಷಿ ಸಂಶೋಧಕ ಪಿ. ಜೆಗನಾಥನ್ ಮತ್ತು ಜೊತೆಗಾರರು ಕಡಪದಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ ಇದನ್ನೇ ತೋರಿಸಿತು. ಆ ಹಕ್ಕಿಗೆ ಬೇಕಾಗಿದ್ದು ಹೆಕ್ಟೇರಿಗೆ 300ರಿಂದ 700 ದೊಡ್ಡ ಪೊದೆ, ಚಿಕ್ಕ ಪೊದೆ 1,000ಕ್ಕಿಂತ ಕಮ್ಮಿ, ನಡುವೆ ಬರಿ ನೆಲ. ತೀರಾ ಬೋಳಾದರೂ ಇಲ್ಲ, ತೀರಾ ದಟ್ಟವಾದರೂ ಇಲ್ಲ. ಮೇಕೆ ಅತಿಯಾದರೆ ಪೊದೆ ಹೋಗುತ್ತದೆ. ಮೇಕೆಯೇ ಇಲ್ಲದಿದ್ದರೆ ನಡುವಿನ ಬಯಲು ಮುಚ್ಚಿಹೋಗುತ್ತದೆ. ಬೇಲಿ ಹಾಕಿ ಮಂದೆ ಓಡಿಸಿದರೆ ಹಕ್ಕಿ ಉಳಿಯುತ್ತದೆ ಅನ್ನುವುದು ಅಷ್ಟು ಸರಳ ಅಲ್ಲ.

ಹಾವೇರಿ_ಬಯಲು:
ಇದು ನನಗೆ ಗೊತ್ತಿರಲಿಲ್ಲ. ಮೇಕೆ_ಮಂದೆ, ನಿಮ್ಮ ತಂದೆಯವರ ಮಾತು ನನ್ನ ಮಾತಿಗಿಂತ ಸರಿ ಇತ್ತು.

ಕಡಪ_ಕನ್ನಡತಿ:
ಕಲಿವಿಕೋಡಿ ಅನ್ನುವ ಹೆಸರಲ್ಲೇ ಪೊದೆ ಇದೆ ನೋಡಿ. ಕಲಿವಿ ಅಂದರೆ ನಮ್ಮ ಕವಳಿ ಗಿಡ. ಕೋಡಿ ಅಂದರೆ ಕೋಳಿ. ಕವಳಿ ಪೊದೆಯ ಕೋಳಿ.

ಪಿನಾಕಿನಿ_ತೀರ:
ಕವಳಿ ಹಣ್ಣು! ಬೇಸಿಗೆ ರಜೆಯಲ್ಲಿ ನಾಲಿಗೆ ನೇರಳೆ ಆಗುವವರೆಗೆ ತಿಂದು, ಹಾಲು ಅಂಟಿ ತುಟಿ ಬಿಡಿಸಲಾಗದೆ ಮನೆಗೆ ಬರುತ್ತಿದ್ದೆವು. ಅಮ್ಮ ಎಳೆ ಕಾಯಿ ಉಪ್ಪಿನಕಾಯಿ ಹಾಕುತ್ತಿದ್ದರು. ಈಗ ಗೌರಿಬಿದನೂರು ಸಂತೆಯಲ್ಲಿ ಒಬ್ಬ ಅಜ್ಜಿ ಮಾತ್ರ ಮುತ್ತುಗದ ಎಲೆಯಲ್ಲಿ ಕಟ್ಟಿ ಮಾರುತ್ತಾರೆ.

ಚಾಂಪಿಯನ್_ರೀಫ್:
ಆ ಅಜ್ಜಿ ಎಲ್ಲಿಂದ ಕೀಳುತ್ತಾರೆ ಕೇಳಿ. ಕವಳಿ ಚೆನ್ನಾಗಿರುವ ಜಾಗ ಯಾವುದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪಿನಾಕಿನಿ_ತೀರ:
ಈ ಬುಧವಾರವೇ ಕೇಳುತ್ತೇನೆ.

ನೇರಮಾತು:
ಮತ್ತೆ ಅಡ್ಡ ಮಾತಾಡುತ್ತೇನೆ. ಸಿಗಲಿಲ್ಲ ಅಂದರೆ ಏನು ಮಾಡುತ್ತೀರಿ? ಸಿಗದ್ದನ್ನು ಯಾರೂ ಬರೆಯುವುದಿಲ್ಲ. ಹತ್ತು ವರ್ಷದ ನಂತರ ಇನ್ನೊಬ್ಬರು ಅದೇ ಗುಟ್ಟೆಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಎಷ್ಟು ರಾತ್ರಿ, ಎಷ್ಟು ಗಂಟೆ, ಗಾಳಿ ಇತ್ತಾ, ಬೆಳದಿಂಗಳಿತ್ತಾ, ಎಲ್ಲ ಬರೆದಿಡುವುದಾದರೆ ನಾನೂ ಬರುತ್ತೇನೆ.

ಇನ್ನೊಂದು ಮಾತು. ಒಂದು ವೇಳೆ ಸಿಕ್ಕಿದರೆ ಜಾಗದ ಹೆಸರು ಎಲ್ಲೂ ಹಾಕಬಾರದು. ಕ್ಯಾಮೆರಾ ಹಿಡಿದವರ ಸಾಲು ನಿಂತರೆ ಹಕ್ಕಿ ಒಂದು ವಾರದಲ್ಲಿ ಓಡಿಹೋಗುತ್ತದೆ.

ಕುರುಚಲು_ಕೋಲಾರ:
ನೇರಮಾತು ಸರ್, ಎರಡಕ್ಕೂ ಒಪ್ಪಿದೆ. ಬನ್ನಿ, ಊಟ ವಸತಿ ನಮ್ಮ ಮನೆಯಲ್ಲೇ. ಕಡಪಕ್ಕೂ ಒಂದು ಸಲ ಹೋಗಿ ಜಾಗ ಹೇಗಿರುತ್ತದೆ ನೋಡಿ ಬರಲಾ?

ಕಡಪ_ಕನ್ನಡತಿ:
ಹಗಲು ಬನ್ನಿ, ಖಂಡಿತ ತೋರಿಸುತ್ತೇನೆ. ರಾತ್ರಿ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಇದು ರಕ್ತಚಂದನದ ಕಾಡು. ಕತ್ತಲಲ್ಲಿ ಟಾರ್ಚ್ ಹಿಡಿದು ಓಡಾಡುವವರನ್ನು ಇಲ್ಲಿ ಯಾರೂ ಹಕ್ಕಿ ನೋಡುವವರು ಅಂದುಕೊಳ್ಳುವುದಿಲ್ಲ. ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ಆಗಿದ್ದೇ ಈ ಹಕ್ಕಿಯಿಂದ. 2005ರಲ್ಲಿ ತೆಲುಗು ಗಂಗಾ ಕಾಲುವೆ ತೋಡಲು ಯಂತ್ರಗಳು ಹಕ್ಕಿಯ ಜಾಗಕ್ಕೇ ನುಗ್ಗಿದ್ದವು. ಸಂಶೋಧಕರು ನೋಡಿ ತಡೆದರು, ಕಾಲುವೆಯ ದಾರಿಯನ್ನೇ ಬದಲಾಯಿಸಬೇಕಾಯಿತು.

ಗೌಜಲು:
ಮೇಷ್ಟ್ರೇ, ಹೆಜ್ಜೆ ಗುರುತಿನ ವಿಧಾನ ಹೇಳುವುದು ಮರೆತಿದ್ದೆ. ಕಡಪದಲ್ಲಿ ಅವರು ಮಾಡಿದ್ದು ಇದೇ. ಪೊದೆಗಳ ನಡುವಿನ ದಾರಿಯಲ್ಲಿ ಉದ್ದ ಪಟ್ಟಿಯ ಹಾಗೆ ನುಣ್ಣನೆಯ ಮಣ್ಣು ಹಾಸಿ ಸಮ ಮಾಡುವುದು. ಬೆಳಿಗ್ಗೆ ನೋಡುವುದು.

ನಾನೂ ಒಂದು ಬೇಸಿಗೆ ಮಧುಗಿರಿ ಕಡೆ ಮಾಡಿದ್ದೆ. ಮನೆಯಿಂದ ಹಿಟ್ಟಿನ ಜರಡಿ ಒಯ್ದು ಹುತ್ತದ ಹತ್ತಿರದ ಕೆಮ್ಮಣ್ಣು ಜರಡಿ ಹಿಡಿದೆ. ಮರದ ಹಲಗೆಯಿಂದ ಸವರಿದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗಲೇ ಹೋಗಬೇಕು, ಆಗ ಗುರುತಿನ ಅಂಚು ನೆರಳು ಕೊಡುತ್ತದೆ. ಮೊದಲ ದಿನ ಮೊಲ, ಇಲಿ, ಮುಂಗುಸಿ. ಗೌಜಲಿನ ಗುರುತಲ್ಲಿ ಹಿಂದಿನ ಬೆರಳು ಚುಕ್ಕಿಯಾಗಿ ಮೂಡುತ್ತದೆ. ನಾಲ್ಕನೇ ದಿನ ಮೂರೇ ಬೆರಳಿನದು ಸಿಕ್ಕಿತು, ಹಿಂಬೆರಳೇ ಇಲ್ಲ. ಕೋರ್ಸರ್‌ಗೂ ಹಿಂಬೆರಳಿಲ್ಲ. ಕೈ ನಡುಗಿ ಅಳತೆಪಟ್ಟಿ ಹಿಡಿಯಲಾಗಲಿಲ್ಲ. ಹಳದಿ ಟಿಟ್ಟಿಭಕ್ಕೂ ಹಿಂಬೆರಳಿಲ್ಲ ಅನ್ನುವುದು ಆಗ ನೆನಪಿಗೇ ಬರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಪಟ್ಟಿಯ ಮೇಲೆ ಒಂದು ಜೋಡಿ ಹಳದಿ ಟಿಟ್ಟಿಭ ನಡೆದುಹೋಗುವುದನ್ನು ಕಣ್ಣಾರೆ ಕಂಡೆ. ಅದಕ್ಕೇ ಪ್ರತಿ ಗುರುತಿನ ಪಕ್ಕ ಅಳತೆ ಇಟ್ಟು ಫೋಟೋ ತೆಗೆಯಿರಿ, ಅಲ್ಲೇ ತೀರ್ಮಾನ ಮಾಡಬೇಡಿ.

ಹೊಸಬ_22:
ಜರಡಿ ನಾನು ತರ್ತೀನಿ. ನನ್ನನ್ನೂ ಸೇರಿಸಿಕೊಳ್ಳಿ ಸರ್.

ಕುರುಚಲು_ಕೋಲಾರ (ಹನ್ನೊಂದು ದಿನಗಳ ನಂತರ):
ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಿಳಿಸಿಯೇ ಶುರು ಮಾಡಿದೆವು. ನೇರಮಾತು ಸರ್ ಎರಡು ರಾತ್ರಿ ನಮ್ಮ ಜೊತೆಗಿದ್ದರು, ಹೊಸಬ_22 ಐದು ರಾತ್ರಿ.

ಹನ್ನೆರಡು ಮಣ್ಣಿನ ಪಟ್ಟಿ, ಒಂಬತ್ತು ಬೆಳಿಗ್ಗೆ. ಮೊಲ, ಮುಂಗುಸಿ, ನರಿ, ಗೌಜಲು. ಮೂರು ಬೆರಳಿನವು ಏಳು. ಐದು ಹಳದಿ ಟಿಟ್ಟಿಭದ ಅಳತೆಗೆ ಸರಿಹೊಂದಿದವು. ಉಳಿದೆರಡು ದೊಡ್ಡವು. ಗೌಜಲು ಸರ್ ಫೋಟೋ ನೋಡಿ ಸ್ಟೋನ್ ಕರ್ಲ್ಯೂ ಅಂದರು, ಅದೂ ನೆಲದಲ್ಲಿ ಓಡಾಡುವ ಹಕ್ಕಿ. ರೆಕಾರ್ಡರ್‌ನಲ್ಲಿ ನತ್ತಿಂಗ ತುಂಬಾ ಇದೆ, ಸ್ಟೋನ್ ಕರ್ಲ್ಯೂ ಕೂಗೂ ಮೂರು ಸಂಜೆ ಇದೆ. ಕ್ವಿಕ್-ಕೂ ಇಲ್ಲ. ರಾತ್ರಿ_ರಾಗ ಅಕ್ಕ ಹದಿನೆಂಟು ಗಂಟೆಯ ಧ್ವನಿಯನ್ನು ಪೂರ್ತಿ ಕೂತು ಕೇಳಿದ್ದಾರೆ. ಎರಡು ಸಂಜೆ ಗಾಳಿ ಜಾಸ್ತಿ ಇತ್ತು, ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಚಿತ್ರಗಳನ್ನು ಹನ್ನೊಂದು ಜನರಿಗೆ ತೋರಿಸಿದೆ. ಅದರಲ್ಲಿ ಒಬ್ಬರು, ಎಂಬತ್ತು ದಾಟಿದ ತಾತ, ಹಿಂದೆ ಬಲೆ ಹಾಕುತ್ತಿದ್ದವರು. ಆರು ಚಿತ್ರವನ್ನೂ ಜಗಲಿ ಮೇಲೆ ಸಾಲಾಗಿ ಇಟ್ಟುಕೊಂಡರು. ಜೆರ್ಡನ್ಸ್ ಕೋರ್ಸರ್ ಚಿತ್ರ ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹೆಬ್ಬೆರಳಿಂದ ಎದೆಯ ಎರಡು ಪಟ್ಟಿ ಮುಚ್ಚಿ, 'ಇದು ಇಲ್ಲದ್ದು ನೋಡಿದೀನಪ್ಪ, ಹೊಲದಾಗೆ, ಹಗಲೊತ್ತು. ಪಟ್ಟಿ ಇರೋದು ನಾನು ನೋಡಿಲ್ಲ' ಅಂದರು. ಪಕ್ಕದಲ್ಲಿದ್ದ ಇಂಡಿಯನ್ ಕೋರ್ಸರ್ ಚಿತ್ರಕ್ಕೆ ಬೆರಳಿಟ್ಟು, 'ಇದೇ ಅದು' ಅಂದರು.

ಅದನ್ನೂ ಹಾಗೇ ಬರೆದುಕೊಂಡಿದ್ದೇನೆ.

ಪಿನಾಕಿನಿ_ತೀರ:
ಮೇಷ್ಟ್ರೇ, ಕವಳಿ ಅಜ್ಜಿ ಸಿಕ್ಕಿದರು. ಅವರು ಕೀಳುವುದು ಗಡಿ ಹತ್ತಿರದ ಎರಡು ಗುಟ್ಟೆಗಳಲ್ಲಂತೆ. ನಿನ್ನೆ ಹೋಗಿ ಬಂದೆ. ಆಳೆತ್ತರದ ಪೊದೆ, ನಡುವೆ ಬರಿ ನೆಲ, ಗೆದ್ದಲ ಹುತ್ತ, ಒಂದೂ ನೀಲಗಿರಿ ಇಲ್ಲ. ಜಾಗದ ಹೆಸರು ನಿಮಗೆ ಮೆಸೇಜ್‌ನಲ್ಲಿ ಕಳಿಸಿದ್ದೇನೆ.

ಕುರುಚಲು_ಕೋಲಾರ:
ಸಿಕ್ಕಿತು. ಶನಿವಾರ ಶಾಲೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಾಲ್ಕು ಗಂಟೆಗೆ ಅಲ್ಲಿರುತ್ತೇವೆ. ರೆಕಾರ್ಡರ್, ಜರಡಿ, ಅಳತೆಪಟ್ಟಿ ನಮ್ಮದು. ಅಜ್ಜಿಯೂ ಬರುತ್ತಾರಾ ಕೇಳಿ ನೋಡಿ.